ನಡುಗೋಡೆಯ ಕಾವು

ಬೆಥೆಲ್ ಟೆರೇಸ್ ಎಂಬ ಸಾಲುಮನೆಗಳ ಬೀದಿಯಲ್ಲಿ ಮಂಗಳವಾರ ಇಸ್ತ್ರಿಯ ದಿನ. ಎನಿಡ್ ಮರ್ಗಟ್ರಾಯ್ಡ್ ಗಂಡನ ಅಂಗಿಗಳನ್ನೆಲ್ಲ ಮುಗಿಸಿ, ಸೊಂಟ ನೋಯುತ್ತದೆಂದು ಒಲೆಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಹಾಯೆನಿಸಿತು. ಕಣ್ಣು ಮುಚ್ಚಿ ಹಾಗೇ ನಿಂತವಳಿಗೆ, ಯಾಕೆ ಹಾಯೆನಿಸುತ್ತಿದೆ ಎಂಬುದು ಹೊಳೆದದ್ದೇ ತಡ, ಬೆಚ್ಚಿ ದೂರ ಸರಿದಳು. ಗೋಡೆ ಬಿಸಿಯಾಗಿತ್ತು.

ಅವಳ ಒಲೆಯಲ್ಲಿ ಬೆಂಕಿ ಇರಲಿಲ್ಲ. ಗಂಡ ಕ್ಲಿಫರ್ಡ್ ತನ್ನ ಕೆಲಸದ ಕಾರ್ಪೆಟ್ ಗಿರಣಿಯಿಂದ ಮರಳುವ ಹೊತ್ತಿಗೆ ಹಚ್ಚಿದರಾಯಿತೆಂದು ಕಲ್ಲಿದ್ದಲು ಜೋಡಿಸಿಟ್ಟಿದ್ದಳು, ಅಷ್ಟೆ. ಗೋಡೆಯ ಆ ಬದಿ, ಪಕ್ಕದ ಮನೆಯಲ್ಲಿ, ಬೆಂಕಿಯ ಮಾತೇ ಇಲ್ಲ. ಅಲ್ಲಿ ಒಲೆಯೇ ಇರಲಿಲ್ಲ. ಬೇಸಿಗೆಯಲ್ಲಿ ಅದನ್ನು ಕಿತ್ತು ಬೀದಿಗೆ ಎಸೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಊರಿನ ಆ ಸಾಲುಮನೆಗಳನ್ನು ನೂರು ವರ್ಷದ ಹಿಂದೆ ಕಟ್ಟಿಸಿದ ಗಿರಣಿಯ ಧಣಿ ಮಹಾ ಜಿಪುಣ. ಎರಡು ಮನೆಗೆ ಒಂದೇ ನಡುಗೋಡೆ, ಎರಡು ಮನೆಗೆ ಮಾಡಿನ ಮೇಲೆ ಒಂದೇ ಚಿಮಣಿ. ಈ ಮನೆಯ ಒಲೆ ಆ ಮನೆಯ ಒಲೆಗೆ ಬೆನ್ನು ತಾಗಿಸಿ ಕೂತಿರುತ್ತಿತ್ತು. ಎರಡರ ಹೊಗೆಗೂಡುಗಳೂ ಜೊತೆಜೊತೆಯಾಗಿ ಮೇಲಿನ ಮಲಗುವ ಕೋಣೆಗಳನ್ನು ಹಾದು ಆಕಾಶಕ್ಕೆ ಬಾಯಿ ಬಿಡುತ್ತಿದ್ದವು. ಧಣಿ ಕಲ್ಲು ಉಳಿಸಿದ, ಬಡವರಿಗೆ ಕಾವು ಸಿಕ್ಕಿತು. ಪಕ್ಕದವರು ಬೆಂಕಿ ಹಚ್ಚಿದರೆ ನಿಮ್ಮ ಗೋಡೆ ಬಿಸಿ, ನೀವು ಹಚ್ಚಿದರೆ ಅವರದು. ಪಕ್ಕದಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಊರು ಬಿಟ್ಟರೆ, ಸತ್ತರೆ, ಮೊದಲು ಸುದ್ದಿ ಹೇಳುತ್ತಿದ್ದುದು ಗೋಡೆಯೇ.

ಆ ಸಾಲಿನಲ್ಲಿ ಹುಟ್ಟಿದ ಮಕ್ಕಳಿಗೆ ಯಾರೂ ಕಲಿಸದೆ ಬರುತ್ತಿದ್ದ ವಿದ್ಯೆಯೊಂದಿತ್ತು. ಕೆಂಡ ಕೆದಕುವ ಸಲಾಕೆಯಿಂದ ಒಲೆಯ ಬೆನ್ನಿನ ಕಬ್ಬಿಣದ ಹಲಗೆಗೆ ಮೂರು ಸಲ ಬಡಿದರೆ ‘ಬಾ’ ಎಂದರ್ಥ. ಆ ಬದಿಯಿಂದ ಒಂದು ಪೆಟ್ಟು ಬಂದರೆ ‘ಕೇಳಿಸಿತು, ಬಂದೆ’ ಎಂದರ್ಥ. ಹಾಗೆ ಕರೆದ ಮೇಲೆ ಹೋಗಲೇಬೇಕು. ಕೈ ಹಿಟ್ಟಾಗಿದ್ದರೆ ಹಿಟ್ಟಿನ ಕೈಯಲ್ಲೇ, ಮಾತು ಬಿಟ್ಟಿದ್ದರೆ ಮಾತಾಡದೆಯೇ. ಹೆರಿಗೆ, ಹೃದಯಾಘಾತ, ಕುಡಿದು ಬಂದ ಗಂಡ, ಎಲ್ಲಕ್ಕೂ ಅದೇ ಮೂರು ಪೆಟ್ಟು.

ಎನಿಡಳದು ಸಾಲಿನ ಕೊನೆಯ ಮನೆ. ಅವಳಿಗಿದ್ದುದು ಒಂದೇ ನೆರೆ, ಹೆಸ್ಟರ್ ಗ್ರೀನ್‌ವುಡ್. ಸೂಲಗಿತ್ತಿಯ ಓದು ಓದಿದವಳಲ್ಲ, ಆದರೂ ಆ ಬೀದಿಯ ಅರ್ಧ ಜನ ಈ ಲೋಕದಲ್ಲಿ ಮೊದಲು ಕಂಡದ್ದು ಹೆಸ್ಟರಳ ಮುಖವನ್ನೇ. ಎನಿಡ್ ಮದುವೆಯಾಗಿ ಬಂದ ವಾರವೇ ಅವಳು ಹಿತ್ತಲ ಬಾಗಿಲ ಚಿಲಕವನ್ನು ಮೊಣಕೈಯಿಂದ ಎತ್ತಿ ಒಳಗೆ ಬಂದಿದ್ದಳು. ಎರಡೂ ಕೈಯಲ್ಲಿ ಪೈ ತುಂಬಿದ ತಟ್ಟೆ.

"ನೋಡವಾ ತಂಗಿ," ಎಂದಿದ್ದಳು. "ಬೇಕಾದಾಗ ಬಡಿ. ನಾಚಕೊಂಡು ಕುಂಡ್ರಬ್ಯಾಡ. ನಿನ್ನ ಜೋಡಿ ಜಗಳ ಇದ್ರೂ ಬರ್ತೇನಿ, ಜಗಳ ಆಮ್ಯಾಲ ಮುಂದುವರಸೂಣಂತ."

ಎನಿಡ್ ಬಡಿದದ್ದೂ ಉಂಟು. ಮದುವೆಯಾದ ಎರಡನೆಯ ಚಳಿಗಾಲದಲ್ಲಿ, ಹೊತ್ತಿಗೆ ಮುಂಚೆ ನೋವು ಬಂದಾಗ. ಸಲಾಕೆ ಕೆಳಗಿಡುವ ಮೊದಲೇ ಒಂದು ಪೆಟ್ಟು ಉತ್ತರ ಬಂದಿತ್ತು, ಅದರ ಬೆನ್ನಿಗೇ ಹೆಸ್ಟರ್ ಬಂದಿದ್ದಳು. ಹೆಸ್ಟರಳ ಕೈಯಲ್ಲಾದದ್ದನ್ನೆಲ್ಲ ಅವಳು ಮಾಡಿದಳು. ಆದರೆ ಆ ಮಗು ಅಳಲಿಲ್ಲ. ಒಲೆಯಲ್ಲಿ ಕಲ್ಲಿದ್ದಲು ಸಿಡಿಯುವ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ಮತ್ತೆ ಎನಿಡಳ ಹೊಟ್ಟೆ ತುಂಬಲಿಲ್ಲ. ಅದಾದ ಮೇಲೆ ಮೌನವೆಂದರೆ ಅವಳಿಗೆ ಆಗದು; ಮನೆಯಲ್ಲಿ ಒಬ್ಬಳೇ ಇದ್ದರೆ ಕೆಟಲಿನ ಜೊತೆಗಾದರೂ ಮಾತಾಡುತ್ತಾಳೆ.

ಕಳೆದ ಚಳಿಗಾಲದಲ್ಲಿ ಹೆಸ್ಟರ್ ಹೋದಳು. ಅವಳ ಕೈ ಹಿಡಿದು ಕೂತಿದ್ದವಳು ಎನಿಡಳೇ. ಅಂತ್ಯಕ್ರಿಯೆ ಮುಗಿಸಿ ಬಂದು ಗೋಡೆ ಮುಟ್ಟಿದರೆ ಕಲ್ಲು ತಣ್ಣಗೆ ಕೊರೆಯುತ್ತಿತ್ತು. ಆಗ ಬಂದ ಅಳು ಸಮಾಧಿಯ ಹತ್ತಿರವೂ ಬಂದಿರಲಿಲ್ಲ.

ವಸಂತದಲ್ಲಿ ಆ ಮನೆಗೆ ದಕ್ಷಿಣದ ಕಡೆಯ ಹೊಸ ಜೋಡಿ ಬಂತು. ಲೆಸ್ಲಿ ಪೆಲ್ಲಿಂಗ್ ಯಾವುದೋ ಕಂಪನಿಯ ಸಾಮಾನು ಮಾರುತ್ತ ವ್ಯಾನಿನಲ್ಲಿ ಊರೂರು ಸುತ್ತುವವನು, ಅವನ ಹೆಂಡತಿ ಡಾಫ್ನಿ ದೊಡ್ಡ ಕಣ್ಣಿನ, ಸಣ್ಣ ದನಿಯ ಬಸುರಿ ಹುಡುಗಿ. ಲೆಸ್ಲಿಗೆ ಮನೆ ಚಂದ ಮಾಡುವ ಹುಚ್ಚು. ಇಂಥ ಹುಚ್ಚಿನವರಿಗೆ ದೊಡ್ಡ ಸುತ್ತಿಗೆ ಮಾರಬಾರದು ಎಂದು ಕಾಯಿದೆ ಬರಬೇಕು. ಕೆಳಗಿನ ಎರಡು ಕೋಣೆಗಳನ್ನು ಒಂದು ಮಾಡಲು ಹೊರಟು, ಹೆಸ್ಟರಳ ಒಲೆಯನ್ನೂ ಅದು ಕೂತಿದ್ದ ಹೊಗೆಗೂಡಿನ ದಪ್ಪ ಗೋಡೆಯನ್ನೂ ಮೇಲಿನ ಕೋಣೆಯ ನೆಲದವರೆಗೆ ಕಡಿದು ಹಾಕಿದ. ಎಷ್ಟೋ ಜನರ ಒದ್ದೆ ಬಟ್ಟೆ ಒಣಗಿಸಿದ್ದ ಕಪ್ಪು ಕಬ್ಬಿಣದ ಒಲೆ ಬೀದಿಯಲ್ಲಿ ಅಂಗಾತ ಬಿದ್ದಿತ್ತು.

ಎನಿಡ್ ಮೈಯೆಲ್ಲ ಉರಿದು ಹೊರಗೆ ಬಂದಳು. "ಆ ಒಲಿ ನಿನಗೇನ್ ಮಾಡಿತ್ತಪಾ?"

"ಈಗಿನ ಕಾಲದಲ್ಲಿ ಯಾರಿಟ್ಕೋತಾರೆ ಮಿಸೆಸ್ ಮರ್ಗಟ್ರಾಯ್ಡ್, ಈ ಮಸಿ ಗೂಡನ್ನ?" ಲೆಸ್ಲಿ ಹಣೆ ಒರೆಸಿಕೊಂಡು ನಕ್ಕ. "ಮೇಲಿನ ಕೋಣೇಲಿರೋ ಹೊಗೆಗೂಡನ್ನ ಹಾಗೇ ಬಿಟ್ಟಿದೀನಿ. ಅದನ್ನೂ ಒಡೆದ್ರೆ ಮತ್ತೆ ಪ್ಲಾಸ್ಟರ್ ಕೆಲಸ ಯಾರಿಗೆ ಬೇಕು?"

ಎನಿಡಳ ಹಿಂದೆಯೇ ಹೊರಗೆ ಬಂದಿದ್ದ ಕ್ಲಿಫರ್ಡ್ ಬಾಯಿಂದ ಪೈಪು ತೆಗೆದ. "ಕೆಳಗಿಂದು ಕಿತ್ತಮ್ಯಾಲ ಮ್ಯಾಲಿಂದು ಯಾರ ಹೆಗಲ ಮ್ಯಾಲ ನಿಂದರ್ತದಪಾ?"

"ನೂರು ವರ್ಷದ ಗಾರೆ ಸಾರ್. ಕಚ್ಕೊಂಡಿರುತ್ತೆ ಬಿಡಿ."

ಕ್ಲಿಫರ್ಡ್ ಭುಜ ಕುಣಿಸಿ ಪೈಪನ್ನು ಮತ್ತೆ ಬಾಯಿಗಿಟ್ಟುಕೊಂಡ. ಎನಿಡ್ ಮಾತ್ರ ಆವತ್ತೇ ಆಣೆ ಹಾಕಿಕೊಂಡಳು, ಆ ಮನೆಯ ಹೊಸ್ತಿಲು ಇನ್ನು ತುಳಿಯುವುದಿಲ್ಲವೆಂದು. ಆ ಹುಡುಗಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ಅಂಜುತ್ತಲೇ ನಕ್ಕರೂ ಇವಳು ಮುಖ ತಿರುಗಿಸುತ್ತಿದ್ದಳು.

ಹೀಗಿರುವಾಗ ಅಕ್ಟೋಬರಿನ ಆ ಮಂಗಳವಾರ ಗೋಡೆ ಬಿಸಿಯಾಯಿತು. ಮಾರನೆಯ ದಿನ ಮಧ್ಯಾಹ್ನ ಪೆಟ್ಟು ಕೇಳಿಸಿತು.

ಟಣ್. ಟಣ್. ಟಣ್.

ಸುತ್ತಿಗೆಯ ಸದ್ದಲ್ಲ ಅದು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಎನಿಡ್ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. ಪಕ್ಕದ ಮನೆಯಲ್ಲಿ ಅಷ್ಟು ಹೊತ್ತು ರೇಡಿಯೋ ಹಾಡುತ್ತಿತ್ತು. ಮೂರನೆಯ ಪೆಟ್ಟು ಬಿದ್ದದ್ದೇ ಅದು ತಟ್ಟನೆ ನಿಂತಿತು. ಪೆಟ್ಟಿಗಿಂತ ಆ ನಿಲ್ಲುವಿಕೆಯೇ ಅವಳನ್ನು ಹೆಚ್ಚು ಹೆದರಿಸಿತು.

"ನೀರಿನ ಪೈಪಿರಬೇಕು ತಗೋ," ಎಂದ ಕ್ಲಿಫರ್ಡ್ ರಾತ್ರಿ ಊಟಕ್ಕೆ ಕೂತಾಗ. "ಇಲ್ಲಾಂದ್ರ ಇಲಿ."

"ಇಲಿಗೆ ಸಲಾಕಿ ಹಿಡ್ಯಾಕ ಬರ್ತದೇನು?"

"ಯಾರ್ಕ್‌ಷೈರಿನ ಇಲಿ, ಏನ್ ಹೇಳಾಕ ಬರಂಗಿಲ್ಲ." ಆಲೂಗಡ್ಡೆಗೆ ಗ್ರೇವಿ ಸುರಿದುಕೊಳ್ಳುತ್ತ ಅವನು ಹೆಂಡತಿಯ ಮುಖ ನೋಡಿದ, ನಗು ನಿಲ್ಲಿಸಿದ. "ಗೋಡಿ ಮುಟ್ಟಿ ನೋಡಿದ್ನಿ. ತಣ್ಣಗೈತಿ, ಎನಿಡ್."

ಅವನು ಮುಟ್ಟಿದಾಗ ತಣ್ಣಗೇ ಇರುತ್ತಿತ್ತು. ಅವನು ಗಿರಣಿಗೆ ಹೋಗಿ, ಬೀದಿ ಖಾಲಿಯಾಗಿ, ಅವಳೊಬ್ಬಳೇ ಉಳಿದಾಗ ಕಾವು ನಿಧಾನವಾಗಿ ಏರುತ್ತಿತ್ತು. ಆಮೇಲೆ ಮೂರು ಪೆಟ್ಟು. ರೇಡಿಯೋ ಬಂದ್. ದಿನವೂ ಅಷ್ಟೆ.

ಕರೆದರೆ ಹೋಗಬೇಕು. ಇಷ್ಟು ವರ್ಷದಲ್ಲಿ ಅದು ಎನಿಡಳ ರಕ್ತಕ್ಕೇ ಇಳಿದಿದ್ದ ಮಾತು. ಪ್ರತಿ ಸಲವೂ ಅವಳ ಕಾಲು ತಾನಾಗಿ ಬಾಗಿಲ ಕಡೆ ಹೊರಡುತ್ತಿತ್ತು, ಅವಳು ಕುರ್ಚಿಯ ಹಿಡಿ ಹಿಡಿದು ಅದನ್ನು ತಡೆಯುತ್ತಿದ್ದಳು. ಬದುಕಿದ್ದ ಹೆಸ್ಟರ್ ಕರೆದರೆ ಪಕ್ಕದ ಮನೆಗೆ ಹೋಗುವುದು. ಸತ್ತ ಹೆಸ್ಟರ್ ಕರೆದರೆ, ಎದ್ದು ಹೋದವರು ಹೋಗಿ ತಲುಪುವುದು ಎಲ್ಲಿಗೆ? ಹೆಸ್ಟರಳ ಮೇಲೆ ಅವಳಿಗೆ ಪ್ರೀತಿಯಿತ್ತು, ತನ್ನ ತಾಯಿಯ ಮೇಲಿದ್ದುದಕ್ಕಿಂತ ಹೆಚ್ಚೇ. ಆದರೂ ಅವಳಿಗೆ ಇನ್ನೂ ಸಾಯುವ ಮನಸ್ಸಿರಲಿಲ್ಲ.

"ಬರಂಗಿಲ್ಲ ಹೆಸ್ಟರ್," ಎಂದು ಒಲೆಯೊಳಗೆ ಬಗ್ಗಿ ಪಿಸುಗುಟ್ಟಿದಳು ಒಂದು ದಿನ. "ಸಿಟ್ಟಾಗಬ್ಯಾಡ ನನ್ನವ್ವಾ. ಈಗ ಬರಂಗಿಲ್ಲ."

ಉತ್ತರವಾಗಿ ಹೊಗೆಗೂಡಿನಿಂದ ಒಂದು ಹಿಡಿ ಮಸಿ ಕಲ್ಲಿದ್ದಲಿನ ಮೇಲೆ ಉದುರಿತು. ಮಸಿಯ ಜೊತೆ ಬಿಳಿಯ ಗಾರೆಯ ಚೂರುಗಳೂ ಇದ್ದವು. ಅವಳು ಅದನ್ನು ಗುಡಿಸಿ ಹೊರಗೆ ಚೆಲ್ಲಿದಳು, ಕ್ಲಿಫರ್ಡನಿಗೆ ಹೇಳಲಿಲ್ಲ. ಹೇಳಿದರೆ ಅವನು ಇಲಿಯನ್ನು ಬಿಟ್ಟು ಯಾರ್ಕ್‌ಷೈರಿನ ಕಾಗೆಯ ಮಾತು ತೆಗೆಯುತ್ತಿದ್ದ.

ನವೆಂಬರಿನ ಮೊದಲ ವಾರ ಮಂಜು ಇಳಿಯಿತು. ಗಿರಣಿಗಳ ಹೊಗೆಯೂ ಸೇರಿ ಹಳದಿಯಾದ, ಬಾಗಿಲು ತೆರೆದರೆ ಕೆಮ್ಮು ತರಿಸುವ ಮಂಜು. ಎದುರಿನ ಗಿರಣಿಯ ಗೋಡೆ ಕಾಣುತ್ತಿರಲಿಲ್ಲ. ಅಂಥ ಮಧ್ಯಾಹ್ನ ಎನಿಡ್ ಕಿಟಕಿಯ ಬಳಿ ಕೂತು ಕಾಲುಚೀಲ ಹೊಲಿಯುತ್ತಿದ್ದಳು. ಬೆಳಗ್ಗೆಯಿಂದ ಗೋಡೆಯ ಹತ್ತಿರ ಸುಳಿದಿರಲಿಲ್ಲ. ಆದರೆ ಇವತ್ತು ಗೋಡೆಯೇ ಅವಳಿದ್ದಲ್ಲಿಗೆ ಬಂದಂತಿತ್ತು. ಕೋಣೆಯ ಈ ತುದಿಗೂ ಕಾವು ತಾಗುತ್ತಿತ್ತು. ಬೆಂಕಿಯಿಲ್ಲದ ಒಲೆಯ ಮುಂದಿನ ಹಿತ್ತಾಳೆಯ ಹಿಡಿ ಮುಟ್ಟಿದರೆ ಸುಡುತ್ತಿತ್ತು.

ಟಣ್. ಟಣ್. ಟಣ್.

ಅವಳು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಮೂರು ಪೆಟ್ಟು, ಈ ಸಲ ಜೋರಾಗಿ. ಮತ್ತೆ ಮೂರು. ಉಸಿರು ಬಿಡಲೂ ಪುರುಸೊತ್ತಿಲ್ಲದವರು ಬಡಿದಂತೆ. ಗೋಡೆಗೆ ತೂಗುಹಾಕಿದ್ದ ತಟ್ಟೆ ಅಲುಗಾಡಿತು.

ಹೆಸ್ಟರ್ ತನಗಾಗಿ ಇಷ್ಟು ಅವಸರದಿಂದ ಎಂದೂ ಬಡಿದವಳಲ್ಲ. ಸಾಯುವಾಗಲೂ ಮೆಲ್ಲಗೆ ಬಡಿದಿದ್ದಳು, ತೊಂದರೆ ಕೊಡುತ್ತಿದ್ದೇನೆ ಎನ್ನುವಂತೆ. ಇದು ನೆನಪಾದದ್ದೇ ಎನಿಡಳ ಕೈ ಕುರ್ಚಿಯ ಹಿಡಿಯನ್ನು ಬಿಟ್ಟಿತು. ಇದು ನನ್ನನ್ನು ಒಯ್ಯಲು ಬಂದ ಕರೆಯಲ್ಲ, ಬೇರೆ ಯಾರಿಗೋ ನಾನು ಬೇಕಾಗಿದ್ದೇನೆ ಎಂದುಕೊಂಡಳು. ಹಾಗೆಂದು ಹೆದರಿಕೆಯೇನೂ ಹೋಗಲಿಲ್ಲ. ಹೆದರಿಕೊಂಡೇ ಸಲಾಕೆ ತೆಗೆದುಕೊಂಡು ಒಲೆಯ ಬೆನ್ನಿಗೆ ಒಂದೇ ಒಂದು ಪೆಟ್ಟು ಕೊಟ್ಟಳು. ಆ ಕ್ಷಣವೇ ಬಡಿತ ನಿಂತಿತು.

ಮಂಜಿನಲ್ಲಿ ಗೋಡೆ ಸವರುತ್ತ ಹಿತ್ತಲಿನಿಂದ ಹೋದಳು. ಪಕ್ಕದ ಮನೆಯ ಚಿಲಕ ಹಾಕಿರಲಿಲ್ಲ. ಒಳಗೆ ಆ ಉದ್ದದ ಹೊಸ ಕೋಣೆ, ಗೋಡೆಯ ತುಂಬ ಕಿತ್ತಳೆ ಹೂವಿನ ಕಾಗದ. ಹೆಸ್ಟರಳ ಒಲೆಯಿದ್ದ ಜಾಗವೂ ಕಿತ್ತಳೆ ಹೂವೇ. ಎನಿಡ್ ಅಂಗೈಯಿಟ್ಟು ನೋಡಿದಳು. ಸಮಾಧಿಯ ಕಲ್ಲಿನಷ್ಟು ತಣ್ಣಗಿತ್ತು. ಬಡಿಯಲು ಅಲ್ಲಿ ಒಂದು ಮೊಳೆಯಷ್ಟು ಕಬ್ಬಿಣವೂ ಇರಲಿಲ್ಲ.

ಮೇಲಿನಿಂದ ಏನೋ ಕೇಳಿಸಿತು. ಸದ್ದಲ್ಲ, ಸದ್ದನ್ನು ಒತ್ತಿ ಹಿಡಿದಂಥದ್ದು. ಎನಿಡ್ ಮೆಟ್ಟಿಲು ಹತ್ತಿದಳು.

ಡಾಫ್ನಿ ಹಾಸಿಗೆಯ ಮೇಲೆ ಮುದುಡಿ ಬಿದ್ದಿದ್ದಳು. ಬಾಯಿಗೆ ದಿಂಬಿನ ಮೂಲೆ ತುರುಕಿಕೊಂಡಿದ್ದಳು. ಹಣೆಯ ಮೇಲೆ ಬೆವರು, ಹಾಸಿಗೆ ಒದ್ದೆ. ಎನಿಡಳನ್ನು ಕಂಡದ್ದೇ ದಿಂಬು ಉಗಿದು ಗಡಿಬಿಡಿಯಿಂದ ಎದ್ದು ಕೂರಲು ನೋಡಿದಳು.

"ಸಾರಿ ಮಿಸೆಸ್ ಮರ್ಗಟ್ರಾಯ್ಡ್. ನಾನು ಸದ್ದು ಮಾಡ್ಲಿಲ್ಲ. ನಿಜವಾಗ್ಲೂ ಮಾಡ್ಲಿಲ್ಲ. ದಯವಿಟ್ಟು ಇನ್ನು ಬಡೀಬೇಡಿ."

"ನಾ ಯಾವಾಗ ಬಡದೇನವಾ?"

"ದಿನಾ ಬಡೀತೀರಲ್ಲ, ಮೂರು ಮೂರು ಸಲ. ರೇಡಿಯೋ ಹಾಕಿದ್ರೆ ಬಡೀತೀರಿ, ನಾನು ತಕ್ಷಣ ಆಫ್ ಮಾಡ್ತೀನಿ. ಒಲೆ ಕಿತ್ತಿದ್ದಕ್ಕೆ ನಿಮಗೆ ಕೋಪ ಅಂತ ಗೊತ್ತು. ಇವತ್ತು ಬೆಳಗ್ಗೆಯಿಂದ ನೋವು... ಇನ್ನೂ ದಿನ ಇತ್ತು, ಲೆಸ್ಲಿ ಲೀಡ್ಸ್‌ಗೆ ಹೋಗಿದಾರೆ. ಒಂದ್ಸಲ ತಡೀಲಾರದೆ ಕಿರುಚಿದೆ. ಆಗ ಎಷ್ಟು ಜೋರಾಗಿ ಬಡಿದ್ರಿ! ಅದಕ್ಕೇ ದಿಂಬು..."

ಆಗ ಎನಿಡಳಿಗೆ ಅರ್ಥವಾಯಿತು. ಈ ಹುಡುಗಿಯ ಊರಲ್ಲಿ ಗೋಡೆ ಬಡಿದರೆ ‘ಬಾಯಿ ಮುಚ್ಚು’ ಎಂದರ್ಥ. ‘ಬಾ’ ಎಂಬ ಕರೆಯನ್ನು ಇವಳು ‘ಸುಮ್ಮನಿರು’ ಎಂದು ತಿಳಿದು ದಿನವೂ ಸುಮ್ಮನಾಗಿದ್ದಳು. ಎರಡೂ ಬದಿಯವರನ್ನು ಯಾರೋ ನಡುವೆ ನಿಂತು ಕರೆಯುತ್ತಲೇ ಇದ್ದರು. ಒಬ್ಬಳು ಹೆದರಿ ಹೋಗಲಿಲ್ಲ, ಇನ್ನೊಬ್ಬಳು ಹೆದರಿ ಕೂಗಲಿಲ್ಲ.

"ನಾ ಬಡದಿಲ್ಲ ತಂಗಿ," ಎಂದಳು.

"ಮತ್ಯಾರು?"

ಎನಿಡಳ ಕಣ್ಣು ಹಾಸಿಗೆಯ ತಲೆಯ ಕಡೆ ಹೋಗಿತ್ತು. ಹೊಗೆಗೂಡಿನ ದಪ್ಪ ಗೋಡೆ ಇಲ್ಲಿ ಇನ್ನೂ ಹಾಗೇ ನಿಂತಿತ್ತು, ಕೆಳಗೆ ಆಧಾರವಿಲ್ಲದೆ. ಸೂರಿಗೂ ಅದಕ್ಕೂ ನಡುವೆ ಕೈ ಹೋಗುವಷ್ಟು ಬಿರುಕು. ಅದರಿಂದ ಗಾರೆಯ ಪುಡಿ ನೂಲಿನಂತೆ ಇಳಿದು ಡಾಫ್ನಿಯ ಕೂದಲ ಮೇಲೆ ಬೀಳುತ್ತಿತ್ತು. ನೆಲದ ಹಲಗೆಗಳು ಅದರ ಭಾರಕ್ಕೆ ಆ ಗೋಡೆಯ ಕಡೆಗೆ ಬಾಗಿದ್ದವು.

"ಏಳು. ಕೈ ಕೊಡು. ನಮ್ಮನಿಗೆ ನಡಿ."

"ಆಗಲ್ಲ ಆಂಟಿ, ನಂಗೆ ಎದ್ದು ನಿಲ್ಲೋಕೇ..."

"ಆಗ್ತದ. ಆಗದಿದ್ರ ಹೊತಗೊಂಡು ಹೊಕ್ಕೇನಿ. ಇಲ್ಲಿ ಒಂದ್ ಗಳಿಗಿನೂ ಬ್ಯಾಡ."

ಹೇಗೆ ಮೆಟ್ಟಿಲಿಳಿಸಿದಳೋ, ಮಂಜಿನಲ್ಲಿ ಹೇಗೆ ದಾಟಿಸಿದಳೋ, ಆಮೇಲೆ ಕೇಳಿದರೆ ಅವಳಿಗೇ ನೆನಪಿರಲಿಲ್ಲ. ತನ್ನ ಒಲೆಯ ಮುಂದೆ ಕಂಬಳಿ ಹಾಸಿ ಮಲಗಿಸಿದಳು, ಅಡುಗೆಮನೆಯ ಗ್ಯಾಸಿನ ಮೇಲೆ ನೀರಿಟ್ಟಳು. ಸಾರ್ವಜನಿಕ ಫೋನಿನ ಗೂಡಿದ್ದುದು ಬೀದಿಯ ಇಳಿಜಾರಿನ ತುದಿಯಲ್ಲಿ. ಬಾಗಿಲು ತೆರೆದು ಕೂಗಿದರೆ ಮಂಜು ಕೂಗನ್ನು ನುಂಗಿಹಾಕಿತು. ಆಚೆಯ ಮನೆಗಳವರು ಗಿರಣಿಯಲ್ಲಿದ್ದರು. ಹಿಂದೆ ಡಾಫ್ನಿ ಚೀರಿದಳು. "ಬಿಟ್ಟು ಹೋಗ್ಬೇಡಿ, ಬರ್ತಾ ಇದೆ!"

ಎನಿಡ್ ಮಂಡಿಯೂರಿ ಕೂತಳು. ಅವಳ ಕೈ ನಡುಗುತ್ತಿತ್ತು. ಅವಳು ಕಂಡದ್ದು ಒಂದೇ ಹೆರಿಗೆ, ತನ್ನದೇ, ಅದು ಹೇಗೆ ಮುಗಿಯಿತೆಂಬುದು ಅವಳಿಗೆ ಗೊತ್ತು. ಇದೇ ಕೋಣೆ, ಇದೇ ಒಲೆ. ಇನ್ನೊಂದು ಮಗು ಇಲ್ಲಿ ಸದ್ದಿಲ್ಲದೆ ಹುಟ್ಟಿದರೆ ತನ್ನಿಂದ ತಡೆದುಕೊಳ್ಳಲಾಗುವುದಿಲ್ಲ ಎಂದು ಅವಳಿಗೆ ಖಂಡಿತವಾಗಿ ಅನಿಸಿತು. ಆ ಸಾಲಿನ ಹೆಂಗಸರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಅವಳ ಕೈ ಮಾಡಿತು. ಸಲಾಕೆ ತೆಗೆದು ಒಲೆಯ ಬೆನ್ನಿಗೆ ಬಡಿಯಿತು. ಮೂರು ಸಲ.

ಬಡಿದ ಮೇಲೆ ನೆನಪಾಯಿತು, ಆ ಬದಿಯಲ್ಲಿ ಯಾರೂ ಇಲ್ಲ. ಇದ್ದ ಒಬ್ಬಳು ಇಲ್ಲೇ ಕಂಬಳಿಯ ಮೇಲೆ ನರಳುತ್ತಿದ್ದಾಳೆ.

ಟಣ್.

ಒಂದು ಪೆಟ್ಟು. ಡಾಫ್ನಿಗೂ ಕೇಳಿಸಿತು, ಅವಳು ಎನಿಡಳ ತೋಳನ್ನು ಬಿಗಿಯಾಗಿ ಹಿಡಿದಳು.

ಹಿತ್ತಲ ಬಾಗಿಲ ಚಿಲಕ ಎದ್ದಿತು, ಮೊಣಕೈಯಿಂದ ಎತ್ತಿದರೆ ಏಳುವ ಹಾಗೆ ಓರೆಯಾಗಿ, ಕಿರಗುಟ್ಟುತ್ತ. ಬಾಗಿಲು ತೆರೆಯಿತು. ಮಂಜು ಒಂದಿಷ್ಟು ಒಳಗೆ ಬಂತು. ಬಾಗಿಲು ಮುಚ್ಚಿಕೊಂಡಿತು. ಯಾರೂ ಇರಲಿಲ್ಲ. ಆದರೆ ಎನಿಡಳ ಹಿಂದೆ, ಹೆಗಲ ಹತ್ತಿರ, ಬೆಚ್ಚಗಾಯಿತು. ಅವಳ ಕೈಯ ನಡುಕ ನಿಂತಿತು.

"ಈಗ ತಿಣಕಬ್ಯಾಡ," ಎಂದು ತನ್ನ ಬಾಯಿಂದಲೇ ಬಂದ ಮಾತು ಅವಳಿಗೆ ಕೇಳಿಸಿತು. ಆ ದನಿಯನ್ನು ಅವಳು ಬಲ್ಲಳು. "ಸಣ್ಣ ಸಣ್ಣ ಉಸರ ಬಿಡು, ನಾಯಿ ತೇಕಿದಂಗ. ಹಾಂ, ಹಂಗ. ನನ್ನ ಬಂಗಾರ. ಈಗ ತಿಣುಕು."

ತಲೆ ಕಂಡಿತು. ಕುತ್ತಿಗೆಗೆ ಹೊಕ್ಕುಳ ಬಳ್ಳಿ ಸುತ್ತಿತ್ತು. ಎನಿಡಳ ಬೆರಳು ತಡವರಿಸದೆ ಅದರ ಕೆಳಗೆ ಹೋಗಿ ಬಳ್ಳಿಯನ್ನು ತಲೆಯ ಮೇಲಿಂದ ದಾಟಿಸಿತು. ಹೀಗೆ ಮಾಡಬೇಕೆಂದು ಅವಳಿಗೆ ಯಾರೂ ಎಂದೂ ಹೇಳಿಕೊಟ್ಟಿರಲಿಲ್ಲ. ಮಗು ಜಾರಿ ಅವಳ ಕೈಗೆ ಬಂತು. ಹೆಣ್ಣು. ನೀಲಿಗಟ್ಟಿತ್ತು. ಮೂಗು ಬಾಯಿ ಒರೆಸಿದಳು, ಬೆನ್ನು ಉಜ್ಜಿದಳು, ತಲೆಕೆಳಗು ಮಾಡಿ ತಟ್ಟಿದಳು.

ಮಗು ಅಳಲಿಲ್ಲ.

ಕೋಣೆಯಲ್ಲಿ ಅದೇ ಮೌನ, ಇಷ್ಟು ವರ್ಷ ಎಲ್ಲೂ ಹೋಗದೆ ಇಲ್ಲೇ ಕೂತಿದ್ದ ಮೌನ. "ಹೆಸ್ಟರ್," ಎಂದಳು ಎನಿಡ್. ಅಳುತ್ತಿದ್ದಳು. "ಹೆಸ್ಟರ್, ಈ ಸಲ ಹಂಗಾಗಬಾರ್ದು. ಈ ಸಲ ಬ್ಯಾಡ."

ಆಗ ಗೋಡೆಯ ಆ ಬದಿಯಲ್ಲಿ ಮುಗಿಲು ಹರಿದುಬಿದ್ದಂತೆ ಸದ್ದಾಯಿತು. ನೂರು ವರ್ಷದ ಕಲ್ಲಿನ ಚಿಮಣಿ ಮಾಡು ಮುರಿದು, ಮಲಗುವ ಕೋಣೆಯ ಹೊಗೆಗೂಡನ್ನು ಎಳೆದುಕೊಂಡು, ಹಾಸಿಗೆಯನ್ನೂ ನೆಲದ ಹಲಗೆಗಳನ್ನೂ ಸೇರಿಸಿಕೊಂಡು ಕಿತ್ತಳೆ ಹೂವಿನ ಕೋಣೆಗೆ ಇಳಿಯಿತು. ಎನಿಡಳ ಮನೆ ಬುಡದಿಂದ ಅದುರಿತು. ತಟ್ಟೆ ಬಿದ್ದು ಚೂರಾಯಿತು, ಒಲೆಯಿಂದ ಮಸಿಯ ಮೋಡ ನುಗ್ಗಿತು.

ಅವಳ ಕೈಯಲ್ಲಿದ್ದ ಮಗು ಬೆಚ್ಚಿಬಿದ್ದು, ಎರಡೂ ತೋಳು ಚಾಚಿ, ಬಾಯಿ ತೆರೆದು ಕಿರುಚಿತು.

ಎಂಥ ಕಿರುಚಾಟ! ಎನಿಡ್ ಮಸಿ ಮುಖದಲ್ಲಿ ನಗುತ್ತ ಅಳುತ್ತ ಅದನ್ನು ಶಾಲಿನಲ್ಲಿ ಸುತ್ತಿ ತಾಯಿಯ ಎದೆಯ ಮೇಲಿಟ್ಟಳು. ಮಂಜಿನಾಚೆ ಜನ ಓಡಿಬರುವ ಬೂಟುಗಳ ಸದ್ದು, ಯಾರೋ ಪೆಲ್ಲಿಂಗರ ಹೆಸರು ಹಿಡಿದು ಕೂಗುತ್ತಿದ್ದರು. ಡಾಫ್ನಿಗೆ ಅದೊಂದೂ ಕೇಳಿಸಿದಂತಿರಲಿಲ್ಲ. ಅವಳು ಅಂಗೈಯನ್ನು ಮಗುವಿನ ಬಾಯಿಗೆ ಮೆಲ್ಲಗೆ ಅಡ್ಡ ಹಿಡಿದು, ಕಣ್ಣು ಗೋಡೆಯ ಕಡೆ ನೆಟ್ಟಿದ್ದಳು.

"ಶ್... ಶ್... ಅಳ್ಬೇಡ ಪುಟ್ಟಾ. ಗೋಡೆ ಬಡೀತಾರೆ."

ಎನಿಡ್ ಆ ಕೈಯನ್ನು ಹಿಡಿದು ಸರಿಸಿದಳು.

"ಅಳಲಿ ಬಿಡವಾ," ಎಂದಳು. "ಪಕ್ಕದ ಮನಿಗೆ ಕೇಳಸ್ಲಿ."

ಮಗು ಇನ್ನೂ ಜೋರಾಗಿ ಅತ್ತಿತು. ಎನಿಡ್ ಗೋಡೆಗೆ ಬೆನ್ನು ಕೊಟ್ಟು ಕೂತಳು. ಅದು ಮೆಲ್ಲಮೆಲ್ಲಗೆ ತಣ್ಣಗಾಗುತ್ತಿತ್ತು.